ದಿನ ಗೊತ್ತಿಲ್ಲದ ಸೂತಕ

ಹೆತ್ತವಳು ಎಷ್ಟು ದಿನ ಹೊರಗಿರಬೇಕು, ಮೈನೆರೆದವಳು ಎಷ್ಟು ದಿನ, ಸಾವಾದ ಮನೆಯವರು ಎಷ್ಟು ದಿನ ಗುಡಿಯ ಕಡೆ ಕಾಲಿಡಬಾರದು ಎಂಬುದನ್ನೆಲ್ಲ ಆ ಗೊಲ್ಲರಹಟ್ಟಿಯಲ್ಲಿ ಕ್ಯಾತಮ್ಮನನ್ನು ಕೇಳದೆ ಯಾರೂ ತೀರ್ಮಾನ ಮಾಡುತ್ತಿರಲಿಲ್ಲ. ಗುಡಿಯ ಪೂಜಾರಿಗೆ ಅನುಮಾನ ಬಂದರೂ ಅವನು ಅವಳ ಜಗಲಿಯ ಮುಂದೆಯೇ ಬಂದು ನಿಲ್ಲಬೇಕಿತ್ತು. ಕ್ಯಾತಮ್ಮ ಎಲೆಅಡಿಕೆ ಅಗಿಯುತ್ತ, ಅರ್ಧ ಕಣ್ಣು ಮುಚ್ಚಿ, ಬೆರಳು ಮಡಿಸಿ ಮಡಿಸಿ ಇಷ್ಟು ದಿನ ಎಂದು ಹೇಳುತ್ತಿದ್ದಳು. ಅವಳು ಹೇಳಿದ ಮೇಲೆ ಯಜಮಾನ ಬೋರಣ್ಣನೂ ಎರಡು ಮಾತಾಡುತ್ತಿರಲಿಲ್ಲ.

ಪುಸ್ತಕ ಓದಿ ಬಂದ ತಿಳಿವಳಿಕೆಯಲ್ಲ ಅದು. ತಾನೇ ಆರು ಹೆತ್ತವಳು. ಆರು ಸಲವೂ ಹಟ್ಟಿಯ ಕಾರೆಮುಳ್ಳಿನ ಬೇಲಿಯಾಚೆ, ಸೊಂಟದೆತ್ತರದ ಸೋಗೆ ಗುಡಿಸಲಲ್ಲಿ ಹಸುಗೂಸು ಮಲಗಿಸಿಕೊಂಡು ಚಳಿ ತಿಂದವಳು. ಆರರಲ್ಲಿ ಉಳಿದದ್ದು ಒಂದೇ, ಯತ್ತಪ್ಪ. ಸೊಸೆ ಹೊನ್ನಕ್ಕ ಬಾಣಂತಿಯಾಗಿ ಅದೇ ಗುಡಿಸಲಲ್ಲಿ ಕೂತು ಕಣ್ಣೀರಿಟ್ಟಾಗ ಕ್ಯಾತಮ್ಮ ದೂರದಲ್ಲಿ ನಿಂತು ಹೇಳಿದ್ದಳು: "ಅಳ್ಬ್ಯಾಡ ಕಣಮ್ಮ. ಹೊರಗೆ ಕೂತ್ಕಳೋದು ಏನ್ ಮಹಾ ಕಷ್ಟ. ಒಳಿಕ್ಕೆ ಬರೋ ದಿನ ಗೊತ್ತಿದ್ರೆ ಮನುಷ್ಯ ಏನು ಬೇಕಾರೂ ತಡ್ಕಂತಾನೆ."

ಆಗ ಆ ಮಾತಿನಲ್ಲಿ ಅವಳಿಗೆ ಪೂರ್ತಿ ನಂಬಿಕೆಯಿತ್ತು. ಈಗ ಅದನ್ನು ನೆನೆಸಿಕೊಂಡರೆ ತನ್ನ ನಾಲಿಗೆಯನ್ನೇ ಕಿತ್ತು ಬಿಸಾಕೋಣ ಅನ್ನಿಸುತ್ತದೆ.

ಯತ್ತಪ್ಪನಿಗೆ ಹುಟ್ಟಿದಾಗಿನಿಂದ ಕಾಲು ಒಂದು ಕಡೆ ನಿಲ್ಲದು. ಕುರಿಯ ಹಿಂದೆ ಕಳಿಸಿದರೆ ಕುರಿ ಒಂದು ದಿಕ್ಕು, ಅವನ ಕಣ್ಣು ಶಿರಾದ ರಸ್ತೆಯ ಲಾರಿಗಳ ದಿಕ್ಕು. ಹೆಂಡತಿ ಬಸುರಿ ಇರುವಾಗಲೇ ಪಾವಗಡದ ಕಡೆಯ ಮೇಸ್ತ್ರಿ ಕಾಡಸಿದ್ದಪ್ಪನ ಗುಂಪಿಗೆ ಸೇರಿ, ರೈಲು ಹತ್ತಿ, ಕ್ಯಾತಮ್ಮನ ನಾಲಿಗೆ ಹೊರಳದ ಯಾವುದೋ ಊರಿಗೆ ಹೋದ. ಅಲ್ಲಿ ಅಣುವಿನಿಂದ ಕರೆಂಟು ತೆಗೆಯುತ್ತಾರಂತೆ. ಅಣು ಎಂದರೆ ಏನೆಂದು ಕೇಳಿದರೆ, "ನಂಗೇನು ಗೊತ್ತವ್ವ, ನಾವು ಕಲ್ಲು ಹೊರೋರು" ಎಂದು ನಗುತ್ತಿದ್ದ.

ವಾಪಸು ಬಂದಾಗ ಒಂದು ಟ್ರಾನ್ಸಿಸ್ಟರ್ ರೇಡಿಯೋ ತಂದಿದ್ದ. ಮಗಳು ಅಷ್ಟರಲ್ಲಿ ನಡೆದಾಡುತ್ತಿದ್ದಳು. ಹೆಸರು ಕೊಲ್ಲಾಪುರಮ್ಮ. ಹೆಸರು ಆಳಿಗಿಂತ ಉದ್ದವಾಯಿತೆಂದು ಹಟ್ಟಿಯವರೆಲ್ಲ ಪುರಿ ಎಂದೇ ಕರೆಯುತ್ತಿದ್ದರು. ಅಪ್ಪನನ್ನು ಮೊದಲ ಸಲ ಕಂಡ ಮಗು ಹೆದರಬೇಕು, ಅದು ಲೋಕರೂಢಿ. ಪುರಿ ಸೀದಾ ಬಂದು ಅವನ ಮೀಸೆ ಹಿಡಿದು ಜಗ್ಗಿದಳು. ಅವತ್ತಿನಿಂದ ಅವನ ಹೆಗಲಿಂದ ಇಳಿದಿದ್ದೇ ಇಲ್ಲ. ಉಂಡರೆ ಅವನ ತಟ್ಟೆಯಲ್ಲಿ, ಮಲಗಿದರೆ ಅವನ ಎದೆಯ ಮೇಲೆ. "ಗಂಡಸಿಗೂ ಹಾಲು ಬಂದಿದ್ರೆ ನಂಗೆ ಕೆಲ್ಸವೇ ಇರ್ತಿರ್ಲಿಲ್ಲ ಅತ್ತೆ" ಎಂದು ಹೊನ್ನಕ್ಕ ಹುಸಿಮುನಿಸು ತೋರಿಸುತ್ತಿದ್ದಳು. ಕ್ಯಾತಮ್ಮ ಒಳಗೊಳಗೇ ಹಿಗ್ಗುತ್ತಿದ್ದಳು.

ಕೆಲಸ ಯಾಕೆ ಬಿಟ್ಟು ಬಂದೆ ಎಂದು ಕೇಳಿದವರಿಗೆ ಯತ್ತಪ್ಪ ಅದನ್ನೊಂದು ತಮಾಷೆಯ ಕತೆ ಮಾಡಿ ಹೇಳುತ್ತಿದ್ದ. ಅಲ್ಲಿ ಒಂದು ದಿನ ದೊಡ್ಡ ಪೈಪೊಂದು ಒಡೆದು ಒಳಕೋಣೆಯಲ್ಲಿ ನೀರು ನಿಂತಿತಂತೆ. ಇಂಜಿನಿಯರುಗಳೆಲ್ಲ ಬಾಗಿಲಾಚೆ ನಿಂತುಕೊಂಡು ಕೂಲಿಯವರನ್ನು ಕರೆಸಿದರಂತೆ. ಎದೆಗೆ ಅದೇನನ್ನೋ ಅಳೆಯುವ ಒಂದು ಬಿಲ್ಲೆ ಸಿಕ್ಕಿಸಿ, ಕೈಗೆ ಬಕೀಟು, ಬಟ್ಟೆ ಕೊಟ್ಟು ಒರೆಸಿ ಅಂದರಂತೆ. ಆಮೇಲೆ ಬಿಲ್ಲೆ ಕಿತ್ತುಕೊಂಡು ಹೋಗಿ ನೋಡಿ, ತಲೆ ಅಲ್ಲಾಡಿಸಿ, ನಿಮಗೆ ಇನ್ನು ಇಲ್ಲಿ ಕೆಲಸವಿಲ್ಲ, ಊರಿಗೆ ಹೋಗಿ ಅಂದರಂತೆ. "ಕಲ್ಲು ಹೊತ್ರೆ ಅರ್ಧ ಕೂಲಿ, ನೆಲ ಒರೆಸಿದ್ರೆ ಡಬಲ್ ಕೂಲಿ. ಅವರ ಬುದ್ಧಿ ನೋಡು" ಎಂದು ಯತ್ತಪ್ಪ ನಗುತ್ತಿದ್ದ. ಕೇಳಿದವರೂ ನಗುತ್ತಿದ್ದರು.

ಎಂಬತ್ತಾರನೇ ಇಸವಿಯ ಬೇಸಿಗೆಯಲ್ಲಿ ಆ ನಗು ನಿಂತುಹೋಯಿತು. ರಷ್ಯಾ ದೇಶದಲ್ಲಿ ಅಂಥದೇ ಕಾರ್ಖಾನೆ ಸಿಡಿದು ಉರಿಯಿತೆಂದು ಯತ್ತಪ್ಪನ ರೇಡಿಯೋವೇ ಮೊದಲು ಹೇಳಿತು. ಅರ್ಥವಾಗದೆ ಜನ ಮೇಷ್ಟ್ರು ಗಂಗಾಧರಯ್ಯನನ್ನು ಕೇಳಿದರು. ಗಂಗಾಧರಯ್ಯ ಹೊಳವನಹಳ್ಳಿ ಕಡೆಯ ಮಾದಿಗರ ಹುಡುಗ, ಸರ್ಕಾರಿ ಕೆಲಸ ಸಿಕ್ಕಿ ಹಟ್ಟಿಯ ಶಾಲೆಗೆ ಬಂದಿದ್ದ. ಶಾಲೆ ಬೇಲಿಯಾಚೆ ಇತ್ತು, ಅವನು ಬೇಲಿಯೊಳಗೆ ಬರುವಂತಿರಲಿಲ್ಲ. ಹಾಗಾಗಿ ಹಟ್ಟಿಯೇ ಅವನ ಹತ್ತಿರ ಹೋಯಿತು. ಅವನು ಶಾಲೆಯ ಜಗಲಿಯ ಮೇಲೆ ನಿಂತು ಪೇಪರು ಬಿಡಿಸಿ ತನಗೆ ತಿಳಿದಷ್ಟು ಹೇಳಿದ.

"ಆ ವಿಷ ಕಣ್ಣಿಗೆ ಕಾಣಲ್ಲ. ವಾಸನೆ ಇಲ್ಲ, ರುಚಿ ಇಲ್ಲ. ಗಾಳೀಲಿ ಬಂದು ಹುಲ್ಲಿನ ಮೇಲೆ ಕೂರುತ್ತೆ. ಹುಲ್ಲಿಂದ ಹಸುವಿಗೆ, ಹಸುವಿಂದ ಹಾಲಿಗೆ, ಹಾಲಿಂದ ಮಕ್ಕಳಿಗೆ. ಅಲ್ಲೆಲ್ಲ ಕರೆದ ಹಾಲನ್ನ ಹಂಗೇ ಮಣ್ಣಿಗೆ ಸುರೀತಾವ್ರಂತೆ."

ಹಾಲು ಮಣ್ಣಿಗೆ ಸುರಿಯುವುದೆಂದರೆ ಗೊಲ್ಲರಿಗೆ ಅದಕ್ಕಿಂತ ಕೆಟ್ಟ ಮಾತು ಬೇರೊಂದಿಲ್ಲ. ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡರು. ಬೋರಣ್ಣ ನಿಧಾನವಾಗಿ ಹಿಂದೆ ತಿರುಗಿ ನೋಡಿದ. ಅವನ ಹಿಂದೆಯೇ ಒಬ್ಬೊಬ್ಬರಾಗಿ ಎಲ್ಲರೂ ತಿರುಗಿದರು. ಯತ್ತಪ್ಪ ಬೇವಿನ ಬುಡದಲ್ಲಿ ಪುರಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಅವಳ ಜಡೆಗೆ ಕಣಗಿಲೆ ಹೂವು ಸಿಕ್ಕಿಸುತ್ತಿದ್ದ. ಎಲ್ಲರೂ ತನ್ನನ್ನೇ ನೋಡುತ್ತಿರುವುದು ಕಂಡು, ಏನೋ ತಮಾಷೆ ಇರಬೇಕೆಂದುಕೊಂಡು ತಾನೂ ನಕ್ಕ.

ಸುದ್ದಿಗೆ ಕಾಲಿಲ್ಲದಿದ್ದರೂ ಓಡುತ್ತದೆ. ಶಿರಾದಲ್ಲಿ ಹೋಟೆಲು ಇಟ್ಟಿದ್ದ ಶಂಕರಲಿಂಗಪ್ಪ ಹಟ್ಟಿಯ ಹಾಲಿನ ಕ್ಯಾನುಗಳನ್ನು ತುಂಬಿದ್ದಂತೆಯೇ ವಾಪಸು ಕಳಿಸಿದ. "ನಂಗೇನೂ ಇಲ್ಲ ಕಣಪ್ಪ, ಗಿರಾಕಿಗಳು ಕೇಳ್ತಾರೆ, ಆ ಅಣು ಮನುಷ್ಯನ ಹಟ್ಟಿ ಹಾಲಾ ಇದು ಅಂತ" ಎಂದು ಹೇಳಿ ಕಳಿಸಿದ. ಅದೇ ವಾರ ಬೋರಣ್ಣನ ಮಂದೆಯಲ್ಲಿ ಸೊಟ್ಟ ಕಾಲಿನ ಮರಿಯೊಂದು ಹುಟ್ಟಿತು. ಸೊಟ್ಟ ಕಾಲಿನ ಮರಿಗಳು ಅವನಜ್ಜನ ಕಾಲದಲ್ಲೂ ಹುಟ್ಟಿದ್ದವು. ಆದರೆ ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನಕ್ಕೆ ಅಷ್ಟು ಸಾಕಾಯಿತು.

ಗುಡಿಯ ಮುಂದೆ ಎಲ್ಲರೂ ಸೇರಿದರು. ಬೋರಣ್ಣ ಕೆಟ್ಟವನಲ್ಲ, ಆದರೆ ಎಪ್ಪತ್ತು ಮನೆಯ ಹಾಲು ಅವನ ತಲೆಯ ಮೇಲಿತ್ತು. ಅವನು ನೆಲ ನೋಡುತ್ತಲೇ ಹೇಳಿದ: "ಕ್ಯಾತಕ್ಕ, ನೀನು ಬೇಜಾರು ಮಾಡ್ಕಬ್ಯಾಡ. ನಿನ್ ಮಗ, ಸೊಸೆ, ಮೊಮ್ಮಗ್ಳು ಎಲ್ಲಾರೂ ಒಂದಷ್ಟು ಕಾಲ ಎಲ್ಲಾರ ದೂರ ಹೋಗಿರ್ಲಿ."

ದೂರ ಎಂದರೆ ಎಲ್ಲಿ. ಹಟ್ಟಿ ಬಿಟ್ಟ ಗೊಲ್ಲನಿಗೆ ಯಾವ ಹಟ್ಟಿ ಬಾಗಿಲು ತೆರೆಯುತ್ತದೆ. ಕ್ಯಾತಮ್ಮನಿಗೆ ಒಂದು ಉಪಾಯ ಹೊಳೆಯಿತು. ಎದ್ದು ನಿಂತು, ಸೊಂಟದ ಮೇಲೆ ಕೈಯಿಟ್ಟು, ಎಲ್ಲ ಸೂತಕಗಳಿಗೂ ದಿನ ಹೇಳುವ ತನ್ನ ಗತ್ತಿನಲ್ಲೇ ಮಾತಾಡಿದಳು.

"ಲೇ ಬೋರ, ಮೇಷ್ಟ್ರು ಹೇಳಿದ್ದು ನೀನು ಸರ್ಯಾಗಿ ಕೇಳಿಸ್ಕಂಡ್ಯಾ? ಕಣ್ಣಿಗೆ ಕಾಣಲ್ಲ. ಮುಟ್ಟಿದ್ರೆ ತಗಲ್ತದೆ. ಹಾಲು ಕೆಡಿಸ್ತದೆ, ಮರಿ ಕೆಡಿಸ್ತದೆ. ಇದು ಇನ್ನೇನ್ಲಾ? ಸೂತಕ ಅಲ್ವೇನ್ಲಾ? ರಷ್ಯಾದೋರಿಗೆ ಹೊಸದಿರಬೋದು, ನಮಗೇನು ಹೊಸದಾ? ಸೂತಕ ಆದೋರ್ನ ಯಾರಾರ ಊರು ಬುಟ್ಟು ಓಡಿಸ್ತಾರಾ? ಬೇಲಿ ಆಚೆ ಕೂರ್ಲಿ. ತೀರಿದ್ ದಿನ ನೀರು ಹುಯ್ಕಂಡು ಒಳಿಕ್ಕೆ ಬತ್ತಾನೆ."

ಎಲ್ಲರ ಮುಖವೂ ಹಗುರಾಯಿತು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಬೋರಣ್ಣ ನಿಟ್ಟುಸಿರು ಬಿಟ್ಟು, ಎಲ್ಲರೂ ಅವಳನ್ನು ಕೇಳುತ್ತಿದ್ದ ಪ್ರಶ್ನೆಯನ್ನೇ ಕೇಳಿದ: "ಎಷ್ಟು ದಿನ ಕ್ಯಾತಕ್ಕ?"

ಕ್ಯಾತಮ್ಮ ಕಣ್ಣು ಮುಚ್ಚಿ ಬೆರಳು ಮಡಿಸಲು ಹೋದಳು. ಬೆರಳು ಮಡಿಯಲಿಲ್ಲ. "ಕೇಳ್ಕಂಡು ಬತ್ತೀನಿ" ಎಂದಳು.

ಯತ್ತಪ್ಪ ತಾಯಿಯ ಮಾತಿಗೆ ಒಂದಕ್ಷರ ಎದುರಾಡಲಿಲ್ಲ. ಅವಳ ಬೆರಳ ಲೆಕ್ಕ ತಪ್ಪಿದ್ದನ್ನು ಅವನು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಹೆಂಗಸರ ಗುಡಿಸಲಿಗಿಂತ ಇನ್ನೂ ಆಚೆ, ಒಂಟಿ ಹುಣಸೆಮರದ ಕೆಳಗೆ ತಾನೇ ಸೋಗೆ ಹೊದಿಸಿಕೊಂಡು ಕೂತ. ಹೊನ್ನಕ್ಕ ಮುದ್ದೆ ಸಾರು ಒಯ್ದು ಅಲ್ಲಿದ್ದ ಚಪ್ಪಡಿ ಕಲ್ಲಿನ ಮೇಲಿಟ್ಟು ಹಿಂದೆ ಸರಿಯುತ್ತಿದ್ದಳು. ಅವಳು ಸರಿದ ಮೇಲೆ ಅವನು ಬಂದು ಎತ್ತಿಕೊಳ್ಳುತ್ತಿದ್ದ. ಮಡದಿ ಬಾಣಂತಿಯಾಗಿದ್ದಾಗ ತಾನು ಊರಲ್ಲಿರಲಿಲ್ಲ, ಅದಕ್ಕೆ ದೇವರು ತನ್ನ ಕೈಲಿ ಲೆಕ್ಕ ಚುಕ್ತಾ ಮಾಡಿಸುತ್ತಿದ್ದಾನೆ ಎಂದು ನಗಿಸಲು ನೋಡುತ್ತಿದ್ದ. ಹೊನ್ನಕ್ಕ ನಗುತ್ತಿರಲಿಲ್ಲ.

ಕ್ಯಾತಮ್ಮ ಗಂಗಾಧರಯ್ಯನನ್ನು ಜೊತೆ ಮಾಡಿಕೊಂಡು ಬಸ್ಸು ಹತ್ತಿ ಮಧುಗಿರಿಗೆ ಹೋದಳು. ಅಲ್ಲಿಯ ಡಾಕ್ಟರು ಸಾಲು ನಿಂತ ಜನರ ನಡುವೆ ತಲೆಯೆತ್ತದೆ ಕೇಳಿದರು, "ಏನಮ್ಮ?"

"ಅಣು ವಿಷ ಅಂತಾರಲ್ಲ ಸೋಮಿ, ಅದು ಎಷ್ಟು ದಿನ ಇರ್ತದೆ?"

ಡಾಕ್ಟರು ಒಂದು ಕ್ಷಣ ಕನ್ನಡಕ ತೆಗೆದರು. ಇಂಥ ಪ್ರಶ್ನೆ ಅವರನ್ನು ಈವರೆಗೆ ಯಾರೂ ಕೇಳಿರಲಿಲ್ಲ. ಕಾಲೇಜಿನಲ್ಲಿ ಓದಿದ್ದನ್ನು ನೆನಪಿಸಿಕೊಂಡು ಹೇಳಿದರು: "ಅದರಲ್ಲಿ ಬೇರೆ ಬೇರೆ ಇವೆ. ಕೆಲವು ವಾರದಲ್ಲಿ ಕಡಿಮೆ ಆಗ್ತವೆ. ಕೆಲವಕ್ಕೆ ಮೂವತ್ತು ವರ್ಷ ಬೇಕು. ಇನ್ನು ಕೆಲವು ಸಾವಿರಾರು ವರ್ಷ ಇರ್ತವೆ."

ಹಿಂದಿದ್ದವನು ಮುಂದೆ ತಳ್ಳಿದ. ಕ್ಯಾತಮ್ಮ ಹೊರಗೆ ಬಂದಳು.

ಮುಟ್ಟಿದರೆ ತಗಲುತ್ತದೆಯೇ ಎಂದು ಅವಳು ಕೇಳಲಿಲ್ಲ. ಒಂದೇ ಒಂದು ಮಾತು. ಅದನ್ನು ಕೇಳಿದ್ದರೆ ಆ ಡಾಕ್ಟರು ಏನಾದರೂ ಹೇಳುತ್ತಿದ್ದರು. ಆದರೆ ಅದನ್ನು ಯಾಕೆ ಕೇಳಬೇಕು? ಸೂತಕ ಮುಟ್ಟಿದರೆ ತಗಲುತ್ತದೆ ಎಂಬುದು ಕ್ಯಾತಮ್ಮನಿಗೆ ಗೊತ್ತಿರುವ ವಿಷಯ. ಗೊತ್ತಿರುವುದನ್ನು ಯಾರೂ ಕೇಳುವುದಿಲ್ಲ. ಅವಳಿಗೆ ಗೊತ್ತಿಲ್ಲದ್ದು ದಿನವೊಂದೇ ಆಗಿತ್ತು.

ವಾಪಸು ಬರುವ ಬಸ್ಸಿನಲ್ಲಿ ಅವಳು, "ಮೇಷ್ಟ್ರೇ, ಸಾವಿರ ವರ್ಷದ ಸೂತಕ ಇರ್ತದಾ?" ಎಂದಳು.

ಗಂಗಾಧರಯ್ಯ ಕಿಟಕಿಯಾಚೆ ನೋಡುತ್ತಿದ್ದ. "ಇರುತ್ತೆ ಕಣಮ್ಮ. ನಮ್ಮೋರು ನೋಡವ್ರೆ" ಎಂದ. ಮತ್ತೆ ಹೇಳಿದ: "ಹೊರಗೆ ಕೂರಿಸೋದು ಸುಲಭ. ಒಳಕ್ಕೆ ಕರ್ಕೊಳ್ಳೋದೇ ಕಷ್ಟ."

ಕ್ಯಾತಮ್ಮ ತಲೆ ತಗ್ಗಿಸಿದಳು. ಇವನಿಗೆ ತಾನು ಯಾವತ್ತೂ ನೀರು ಕೊಟ್ಟದ್ದು ದೂರದಿಂದಲೇ ಎಂಬುದು ಅವಳಿಗೆ ಆಗ ನೆನಪಾಯಿತು.

ಹಟ್ಟಿಗೆ ಬಂದು ಮಗನಿಗೆ ಸುಳ್ಳು ಹೇಳಿದಳು. "ದಸರಾ ಕಳೀಲಿ ಮಗ, ಅಷ್ಟೊತ್ತಿಗೆ ತೀರ್ತದಂತೆ." ದಸರಾ ಕಳೆಯಿತು. "ಸಂಕ್ರಾಂತಿ" ಎಂದಳು. ಸಂಕ್ರಾಂತಿಯ ಕಿಚ್ಚು ಹಾಯಿಸುವುದನ್ನು ಅವನು ಮರದ ಕೆಳಗಿನಿಂದಲೇ ನೋಡಿದ. ಆಮೇಲೆ ಅವನು ದಿನ ಕೇಳುವುದನ್ನು ಬಿಟ್ಟ. ಅವನು ಕೇಳುತ್ತಿದ್ದುದಕ್ಕಿಂತ ಕೇಳುವುದನ್ನು ಬಿಟ್ಟದ್ದೇ ಅವಳಿಗೆ ಹೆಚ್ಚು ನೋವು ಕೊಟ್ಟಿತು.

ಪುರಿಗೆ ಇದೊಂದೂ ತಿಳಿಯದು. ಅಪ್ಪ ಅಲ್ಲಿ ಕಾಣುತ್ತಾನೆ, ಹೋಗಬೇಕು, ಅಷ್ಟೇ. ಮೊದಮೊದಲು ಬೇಲಿಯ ಬಾಯಿಂದ ನುಸುಳಿ ಬರುತ್ತಿದ್ದಳು. ಅವನು "ಬರ್ಬ್ಯಾಡ ಪುರಿ, ಹೋಗು ಹೋಗು" ಎಂದು ಕೈ ಬೀಸುತ್ತಿದ್ದ. ಮಗು ನಗುತ್ತಾ ಮುಂದೆ ಬರುತ್ತಿತ್ತು. ಆಗ ಅವನು ಒಂದು ಸಣ್ಣ ಕಲ್ಲು ಎತ್ತಿ ಅವಳ ಕಾಲಿನ ಮುಂದೆ, ಮಣ್ಣಿನಲ್ಲಿ ಬೀಳುವ ಹಾಗೆ ಎಸೆಯುತ್ತಿದ್ದ. ಕುರಿ ಕಾಯುವವರ ಗುರಿ ಅದು, ಮಂದೆ ಬಿಟ್ಟು ಹೋಗುವ ಕುರಿಯನ್ನು ಮುಟ್ಟದೆ ತಿರುಗಿಸುವ ಗುರಿ. ಪುರಿ ಅದನ್ನು ಆಟ ಅಂದುಕೊಂಡಳು. ತಾನೂ ಒಂದು ಕಲ್ಲು ಎತ್ತಿ ಎಸೆಯುತ್ತಿದ್ದಳು. ಅದು ಅವಳ ಕಾಲ ಬುಡದಲ್ಲೇ ಬೀಳುತ್ತಿತ್ತು. ಅಪ್ಪ ಮಗಳು ಹೀಗೆ ಕಲ್ಲಾಡುವುದನ್ನು ಕ್ಯಾತಮ್ಮ ಜಗಲಿಯಿಂದ ನೋಡಿ, ಸದ್ಯ ಇಷ್ಟಾದರೂ ಇದೆಯಲ್ಲ ಎಂದು ಸಮಾಧಾನ ಪಟ್ಟುಕೊಳ್ಳುತ್ತಿದ್ದಳು.

ಶಿವರಾತ್ರಿ ಹತ್ತಿರ ಬಂದಾಗ ಒಂದು ಮಧ್ಯಾಹ್ನ ಅದೂ ಮುಗಿಯಿತು. ಯತ್ತಪ್ಪ ಮರಕ್ಕೆ ಒರಗಿ ಮಂಪರಿನಲ್ಲಿದ್ದ. ಆ ದಿನಗಳಲ್ಲಿ ಅವನಿಗೆ ಅದೇನೋ ಸುಸ್ತು. ಪುರಿ ಸದ್ದಿಲ್ಲದೆ ಅವನ ಹತ್ತಿರಕ್ಕೇ ಬಂದುಬಿಟ್ಟಳು. ಕಣ್ಣು ಬಿಟ್ಟಾಗ ಮಗು ಎರಡೂ ಕೈ ಚಾಚಿ ಓಡಿ ಬರುತ್ತಿತ್ತು. ಅವನು ಬೆಚ್ಚಿ ಹಿಂದೆ ಸರಿದ, ಬೆನ್ನಿಗೆ ಮರ ಸಿಕ್ಕಿತು. ಇನ್ನು ಸರಿಯಲು ಜಾಗವಿರಲಿಲ್ಲ. ಕೈಗೆ ಸಿಕ್ಕ ಕಲ್ಲನ್ನು ಬೀಸಿದ. ಮಂಪರಿನ ಕೈ, ಗುರಿ ತಪ್ಪಿತು.

ಕಲ್ಲು ಮಗುವಿನ ಹುಬ್ಬಿಗೆ ಬಡಿಯಿತು. ಪುರಿ ಕೂತಲ್ಲೇ ಕೂತಳು. ತಕ್ಷಣ ಅಳಲಿಲ್ಲ. ಅಪ್ಪನನ್ನೇ ನೋಡಿದಳು. ಕಣ್ಣಿನ ಮೇಲಿಂದ ರಕ್ತ ಇಳಿಯುತ್ತಿತ್ತು. ಯತ್ತಪ್ಪ ಎರಡು ಹೆಜ್ಜೆ ಮುಂದೆ ಬಂದ, ನಿಂತ, ಮತ್ತೆ ಹಿಂದೆ ಹೋದ. ಎತ್ತಿಕೊಳ್ಳುವ ಹಾಗಿಲ್ಲ. "ಹೊನ್ನೀ, ಬಾರೇ, ಮಗೂನ ಎತ್ಕಳೇ" ಎಂದು ಕೂಗುತ್ತ ಕೈಗಳನ್ನು ಗಾಳಿಯಲ್ಲಿ ಎತ್ತಿ ಹಿಡಿದು ಸುಮ್ಮನೆ ನಿಂತಿದ್ದ. ಹೊನ್ನಕ್ಕ ಓಡಿ ಬಂದು ಮಗುವನ್ನು ಬಾಚಿಕೊಂಡು ಹೋದ ಮೇಲೆ ಅವನು ಚಪ್ಪಡಿಯ ಮೇಲೆ ಬಲಗೈಯಿಟ್ಟು ಎಡಗೈಯಲ್ಲಿ ಅದೇ ಕಲ್ಲು ಹಿಡಿದು ಜಜ್ಜಿಕೊಂಡ. ಕ್ಯಾತಮ್ಮ ಬೇಲಿಯ ಹತ್ತಿರ ನಿಂತು "ಬುಡ್ಲಾ, ಬುಡ್ಲಾ ಮಗ" ಎನ್ನುತ್ತಲೇ ಇದ್ದಳು. ಅವಳಿಗೂ ಹೋಗಿ ಕೈ ಹಿಡಿಯುವ ಹಾಗಿರಲಿಲ್ಲ. ಸೂತಕ ಹೇಳಿದವಳೇ ಅವಳಲ್ಲವೆ.

ಪುರಿ ಆ ಮೇಲೆ ಹುಣಸೆಮರದ ಕಡೆ ಹೋಗಲಿಲ್ಲ. ಅಪ್ಪನ ಹೆಸರೆತ್ತಿದರೆ ಅಜ್ಜಿಯ ಸೀರೆಯಲ್ಲಿ ಮುಖ ಮುಚ್ಚುತ್ತಿದ್ದಳು.

ಯತ್ತಪ್ಪನ ಸುಸ್ತು ಹೆಚ್ಚುತ್ತಾ ಹೋಯಿತು. ಒಸಡಿನಲ್ಲಿ ರಕ್ತ, ಮೈಮೇಲೆ ಹೊಡೆಯದೆಯೇ ಬಾಸುಂಡೆ, ಬಿಡದ ಜ್ವರ. ಗಂಗಾಧರಯ್ಯ ಹಟ ಮಾಡಿ, ಕಡಲೆಕಾಯಿ ಲಾರಿಯೊಂದರಲ್ಲಿ ತಾಯಿ ಮಗನನ್ನು ಕೂರಿಸಿಕೊಂಡು ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದ. ಲಾರಿಯಲ್ಲೂ ಯತ್ತಪ್ಪ ಮೂಟೆಗಳ ಆ ತುದಿ, ಕ್ಯಾತಮ್ಮ ಈ ತುದಿ.

ಅಲ್ಲಿ ಜಗದಾಂಬ ಎಂಬ ಡಾಕ್ಟರಮ್ಮ ಬಂದರು. ನಡುವಯಸ್ಸು, ಹಣೆಯಲ್ಲಿ ದೊಡ್ಡ ಕುಂಕುಮ. ಬಂದವರೇ ಹಾಸಿಗೆಯ ಅಂಚಿನಲ್ಲಿ ಯತ್ತಪ್ಪನ ಪಕ್ಕದಲ್ಲೇ ಕೂತು, ಬರಿಗೈಯಲ್ಲಿ ಅವನ ಕೈ ಹಿಡಿದು ನಾಡಿ ನೋಡತೊಡಗಿದರು. ಯತ್ತಪ್ಪ ಕೈ ಎಳೆದುಕೊಂಡ. ಕ್ಯಾತಮ್ಮ ಗೋಡೆಯ ಪಕ್ಕದಿಂದ, "ಮುಟ್ಬ್ಯಾಡಿ ತಾಯಿ, ಅವನಿಗೆ ಅಣು ಸೂತಕ ಐತೆ" ಎಂದಳು.

"ಏನು ಸೂತಕ?"

ಗಂಗಾಧರಯ್ಯ ಎಲ್ಲವನ್ನೂ ಹೇಳಿದ. ಒಡೆದ ಪೈಪು, ಒರೆಸಿದ ನೀರು, ರಷ್ಯಾ, ಹಾಲು, ಬೇಲಿ, ಹುಣಸೆಮರ. ಡಾಕ್ಟರಮ್ಮ ಕೇಳುತ್ತಾ ಕೇಳುತ್ತಾ ಯತ್ತಪ್ಪನ ಕೈಯನ್ನು ಮತ್ತೆ ತೆಗೆದುಕೊಂಡು, ಈ ಸಲ ಎರಡೂ ಕೈಗಳ ನಡುವೆ ಇಟ್ಟುಕೊಂಡರು.

"ಇದು ರಕ್ತದ ಕಾಯಿಲೆ. ಆ ನೀರಿಂದಲೇ ಬಂತೋ ಇಲ್ಲವೋ, ನಾನು ಖಂಡಿತವಾಗಿ ಹೇಳೋಕಾಗಲ್ಲ. ಬಂದಿದ್ದರೂ ಬಂದಿರಬಹುದು. ಆದರೆ ಇವರನ್ನ ಮುಟ್ಟಿದರೆ ಯಾರಿಗೂ ಏನೂ ಆಗಲ್ಲ. ಆ ನೀರು ಮೈಮೇಲೆ ಇದ್ದಿದ್ದರೆ ಅವತ್ತೇ ಸ್ನಾನ ಮಾಡಿದಾಗ ಹೋಗಿರುತ್ತಿತ್ತು. ಊರಿಗೆ ಬಂದ ಮೇಲೆ ಇವರಿಂದ ಯಾರಿಗೂ ಅಪಾಯ ಇರಲಿಲ್ಲ."

ಯತ್ತಪ್ಪ ತುಂಬಾ ಮೆಲ್ಲಗೆ ಕೇಳಿದ: "ಮಕ್ಕಳಿಗೂ?"

"ಮಕ್ಕಳಿಗೂ ಇಲ್ಲ ಕಣಪ್ಪ. ನಿನ್ನ ಎದೆ ಮೇಲೆ ಮಲಗಿಸ್ಕೊಂಡಿದ್ದರೂ ಏನೂ ಆಗ್ತಿರಲಿಲ್ಲ."

ಅವರಿಗೆ ಏನು ಗೊತ್ತು. ಸಮಾಧಾನವಾಗಲೆಂದು ಹೇಳಿದ ಮಾತು ಅದು. ಯತ್ತಪ್ಪ ಜಜ್ಜಿ ಸೊಟ್ಟಗಾಗಿದ್ದ ತನ್ನ ಬಲಗೈ ಬೆರಳುಗಳನ್ನೇ ನೋಡುತ್ತ ಕೂತ. ಕ್ಯಾತಮ್ಮ ಗೋಡೆಗೆ ಬೆನ್ನು ಒರಗಿಸಿಕೊಂಡು ನೆಲದ ಮೇಲೆ ಕೂತಳು. ಸುಮಾರು ಒಂದು ವರ್ಷ ತನ್ನ ಮಗ ಮನುಷ್ಯರ ಕೈ ಸೋಕದೆ ಬದುಕಿದ್ದ, ಅದು ತನ್ನ ಒಂದು ಮಾತಿಗೆ. ಅವನನ್ನು ಉಳಿಸಿಕೊಂಡೆ ಎಂದು ಬೀಗಿದ್ದಳಲ್ಲ. ಬೋರಣ್ಣನ ಮಾತು ಕೇಳಿ ಊರು ಬಿಟ್ಟಿದ್ದರೆ ಅವನು ಯಾವುದೋ ಬಸ್‌ಸ್ಟ್ಯಾಂಡಿನಲ್ಲಿ ಮಗಳನ್ನು ತಬ್ಬಿಕೊಂಡಾದರೂ ಮಲಗಿರುತ್ತಿದ್ದ.

ಅವಳು ಎದ್ದು ಮಗನ ತಲೆಯನ್ನು ಎದೆಗೆ ಅವುಚಿಕೊಂಡಳು. ಅವನು ಮೊದಲು ಮೈ ಬಿಗಿ ಹಿಡಿದ, ಆಮೇಲೆ ಬಿಟ್ಟ. "ಅವ್ವ, ಮನೆಗೆ ಹೋಗನ" ಎಂದ. ಕಾಯಿಲೆ ಬಹಳ ಮುಂದುವರಿದಿದೆ, ಇಟ್ಟುಕೊಂಡು ಮಾಡುವುದು ಹೆಚ್ಚೇನೂ ಇಲ್ಲ ಎಂದು ಡಾಕ್ಟರಮ್ಮ ಗಂಗಾಧರಯ್ಯನಿಗೆ ಆಮೇಲೆ ಹೇಳಿದರು.

ಹಟ್ಟಿಯ ಬೇಲಿಯ ಬಾಯಲ್ಲಿ ಜನ ನಿಂತಿದ್ದರು. ಬೋರಣ್ಣ ಏನೋ ಕೇಳಲು ಬಾಯಿ ತೆರೆದ. ಕ್ಯಾತಮ್ಮ ಮಗನ ತೋಳು ಹಿಡಿದುಕೊಂಡೇ ಹೇಳಿದಳು: "ಇವತ್ತಿಗೆ ತೀರ್ತು ಕಣ್ಲಾ ಬೋರ. ನಾನೇ ಇಟ್ಟಿದ್ದು, ನಾನೇ ತೆಗೀತಾ ಇವ್ನಿ. ಮೇಷ್ಟ್ರೇ, ಅವನ ಆ ಕಡೆ ತೋಳು ಹಿಡ್ಕಂಡು ನೀವೂ ಬನ್ನಿ." ಗಂಗಾಧರಯ್ಯ ಒಂದು ಕ್ಷಣ ಬೇಲಿಯ ಬಳಿ ತಡೆದು ನಿಂತ. ಬೋರಣ್ಣ ಪಕ್ಕಕ್ಕೆ ಸರಿದ. ಮೂವರೂ ಒಳಗೆ ಬಂದರು.

ಕ್ಯಾತಮ್ಮ ಮಗನಿಗೆ ಬಿಸಿನೀರು ಹುಯ್ದಳು, ಗಂಜಲ ಚಿಮುಕಿಸಿದಳು, ಗುಡಿಯ ತೀರ್ಥ ಕೊಟ್ಟಳು. ಜಗಲಿಯ ಮೇಲೆ ಕಂಬಳಿ ಹಾಸಿ ಮಲಗಿಸಿದಳು. ಹಟ್ಟಿಯವರು ಒಬ್ಬೊಬ್ಬರೇ ಬಂದು ಅವನ ಕಾಲು ಮುಟ್ಟಿ, ಮುಖ ನೋಡಲಾರದೆ ಹೋದರು. ಅವನ ಕಣ್ಣು ಅವರ ಹಿಂದೆ, ಎದುರು ಮನೆಯ ಕಂಬದ ಮರೆಯಲ್ಲಿ ನಿಂತಿದ್ದವಳ ಮೇಲೆ ನೆಟ್ಟಿತ್ತು. ಪುರಿ ಈ ಒಂದು ವರ್ಷದಲ್ಲಿ ಒಂದು ಗೇಣು ಬೆಳೆದಿದ್ದಳು. ಹುಬ್ಬಿನ ಮೇಲೆ ಬಿಳಿ ಗೆರೆ.

"ಬಾ ಪುರಿ" ಎಂದು ಅವನು ಕೈ ಚಾಚಿದ. ಅಂಗೈಯಲ್ಲಿ ಬೆಂಗಳೂರಿನಿಂದ ತಂದ ಬತ್ತಾಸು ಇತ್ತು.

ಕೈ ಮೇಲೇಳುತ್ತಿದ್ದಂತೆ ಮಗು ತಲೆಯ ಮೇಲೆ ಎರಡೂ ಕೈಯಿಟ್ಟುಕೊಂಡು ಕುಕ್ಕರುಗಾಲಲ್ಲಿ ಕೂತುಬಿಟ್ಟಿತು.

ಹೊನ್ನಕ್ಕ ಮಗುವನ್ನು ಎಳೆದು ತರಲು ಹೋದಳು. ಅದು ಕಿರುಚಿಕೊಂಡಿತು. ಯತ್ತಪ್ಪ ಚಾಚಿದ ಕೈ ಇಳಿಸಿದ. "ಬುಡು ಹೊನ್ನಿ, ಎಳೀಬ್ಯಾಡ" ಎಂದ. "ನಾನೇ ಕಲ್ಸಿದ್ದು. ಚೆನ್ನಾಗಿ ಕಲ್ತವ್ಳೆ."

ಅವನು ಬದುಕಿದ್ದಷ್ಟು ದಿನವೂ ಬತ್ತಾಸನ್ನು ಜಗಲಿಯ ತುದಿಯಲ್ಲಿಟ್ಟು ಗೋಡೆಯ ಕಡೆ ತಿರುಗಿ ಮಲಗುತ್ತಿದ್ದ. ಅವನು ತಿರುಗಿದ ಮೇಲೆ ಪುರಿ ಬಂದು ಅದನ್ನು ಎತ್ತಿಕೊಂಡು ಓಡುತ್ತಿದ್ದಳು. ಚಪ್ಪಡಿಯ ಮೇಲೆ ಮುದ್ದೆ ಇಡುತ್ತಿದ್ದ ಹಾಗೆಯೇ. ಅವಳ ಕಾಲ ಸಪ್ಪಳಕ್ಕಾಗಿ ಅವನು ಉಸಿರು ಬಿಗಿ ಹಿಡಿದು ಕಾಯುವುದನ್ನು ಕ್ಯಾತಮ್ಮ ನೋಡುತ್ತಿದ್ದಳು. ಒಂದು ಬೆಳಿಗ್ಗೆ ಪುರಿ ಬಂದಾಗ ಬತ್ತಾಸು ಅವನ ಕೈಯಲ್ಲೇ ಇತ್ತು. ಅವಳು ಕಾದು ಕಾದು ವಾಪಸು ಹೋದಳು. ಆಮೇಲೆ ಕ್ಯಾತಮ್ಮ ಹೋಗಿ ಅವನನ್ನು ತಿರುಗಿಸಿ ನೋಡಿದಳು.

ಹುಣಸೆಮರದಾಚೆಯ ಹೊಲದಲ್ಲಿ ಮಣ್ಣು ಮಾಡಿದರು. ಮೂರನೆಯ ದಿನ ಹಾಲು ತುಪ್ಪ. ಸತ್ತವನ ಗುಡ್ಡೆಯ ಮೇಲೆ ಮಕ್ಕಳು ತಮ್ಮ ಕೈಯಾರೆ ಹಾಲು ಬಿಟ್ಟರೆ ಅವನ ಹೊಟ್ಟೆ ತಣ್ಣಗಾಗುತ್ತದೆ. ಹಾಲಿನ ಗಿಂಡಿಯನ್ನು ಪುರಿಯ ಕೈಗೆ ಕೊಟ್ಟು ಕ್ಯಾತಮ್ಮ ಬೆನ್ನ ಮೇಲೆ ಕೈಯಿಟ್ಟು ನಡೆಸಿಕೊಂಡು ಹೊರಟಳು. ಮಗು ಹುಣಸೆಮರದವರೆಗೆ ಬಂತು. ಅಲ್ಲಿ ನಿಂತಿತು.

"ಬಾ ನನ್ನವ್ವ. ಹಾಲು ಬುಟ್ಟು ಬಂದ್ಬುಡಾನ."

"ಒಲ್ಲೆ ಅಜ್ಜಿ. ಅಪ್ಪ ಹೊಡೀತದೆ."

ಹಿಂದೆ ನಿಂತಿದ್ದ ಹೊನ್ನಕ್ಕ ಸೆರಗು ಕಚ್ಚಿಕೊಂಡಳು. ಕ್ಯಾತಮ್ಮ ಮಗುವನ್ನು ಅಲ್ಲೇ ಬಿಟ್ಟು ಒಬ್ಬಳೇ ಗುಡ್ಡೆಯ ಹತ್ತಿರ ಹೋದಳು. ಹಸಿ ಮಣ್ಣಿನ ಮೇಲೆ, ಸುತ್ತಮುತ್ತ, ಬಿದ್ದಿದ್ದ ಕಲ್ಲುಗಳನ್ನೆಲ್ಲ ಬಗ್ಗಿ ಬಗ್ಗಿ ಹೆಕ್ಕಿದಳು. ಸಣ್ಣವು, ದೊಡ್ಡವು, ಬಟಾಣಿಯಷ್ಟಿದ್ದವು ಕೂಡ. ಮಡಿಲು ತುಂಬಿದಾಗ ದೂರದ ಬದುವಿನಾಚೆ ಹೋಗಿ ಸುರಿದು ಬಂದು ಮತ್ತೆ ಹೆಕ್ಕಿದಳು. ಬೋರಣ್ಣ ಬಂದು ತಾನೂ ಹೆಕ್ಕತೊಡಗಿದ.

"ನೋಡು ಪುರಿ" ಎಂದು ಕ್ಯಾತಮ್ಮ ಖಾಲಿ ಮಡಿಲು ಕೊಡವಿ ತೋರಿಸಿದಳು. "ಒಂದೂ ಕಲ್ಲಿಲ್ಲ ಕಣವ್ವ. ಈಗ ಬಾ."

ಮಗು ಅಜ್ಜಿಯನ್ನು ನೋಡಿತು, ಗುಡ್ಡೆಯನ್ನು ನೋಡಿತು. ಅಲ್ಲಿಂದಲೇ, ಅಪ್ಪನ ಕಲ್ಲು ಬೀಳುತ್ತಿದ್ದ ಅಷ್ಟೇ ದೂರದಿಂದ, ಗಿಂಡಿಯನ್ನು ಎರಡೂ ಕೈಯಲ್ಲಿ ಎತ್ತಿ ಶಕ್ತಿಯಿದ್ದಷ್ಟು ಬೀಸಿ ಹಾಲು ಚೆಲ್ಲಿತು. ಹಾಲು ಅವಳ ಕಾಲ ಬುಡದಲ್ಲೇ ಮಣ್ಣಿಗೆ ಬಿತ್ತು. ಗುಡ್ಡೆಯವರೆಗೆ ಒಂದು ಹನಿಯೂ ಹೋಗಲಿಲ್ಲ.